ಮಡಚಿದ ಬೆರಳು

ಸೆವೆರಿನ್ ಬ್ರೆಕ್ಕೆಯ ಬಲಗೈ ತೋರುಬೆರಳು ನೇರವಾಗಿದ್ದುದನ್ನು ಮಿನೆಸೋಟದ ನಮ್ಮ ಸರೋವರದ ದಂಡೆಯಲ್ಲಿ ಯಾರೂ ಕಂಡವರಿಲ್ಲ. ಇಗರ್ಜಿಯಲ್ಲಿ ಪ್ರಾರ್ಥಿಸುವಾಗಲೂ, ಹೆಂಡತಿ ಆರ್ಡಿಸಳ ಕೈ ಹಿಡಿದು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವಾಗಲೂ, ಅದೃಶ್ಯ ಗಾಳದ ದಾರವೊಂದನ್ನು ಹೊತ್ತಂತೆ ಅದು ಕೊಕ್ಕೆಯಾಗಿಯೇ ಇರುತ್ತಿತ್ತು. ಅವನ ಚೌಕುಳಿಯ ಉಣ್ಣೆಕೋಟಿನ ತೋಳಿನಲ್ಲಿ ಹಳೆಯ ಗಾಳಗಳು ಸಿಕ್ಕಿಕೊಂಡಿದ್ದವು. ಅವನ್ನು ಬಿಡಿಸುವ ಅಧಿಕಾರ ಆರ್ಡಿಸಳಿಗೂ ಇರಲಿಲ್ಲ.

ವಾಲೈ ಮೀನು ಮಹಾ ಸಂಶಯದ ಪ್ರಾಣಿ; ಎಳೆತದ ಸುಳಿವು ಸಿಕ್ಕರೆ ಬಾಯಿಗೆ ಬಂದದ್ದನ್ನು ಉಗುಳಿಬಿಡುತ್ತದೆ. ಅದಕ್ಕಾಗಿಯೇ ಸೆವೆರಿನ್ ದಾರದ ಮೇಲೆ ಸಲೀಸಾಗಿ ಜಾರುವ ಸೀಸದ ಗುಂಡನ್ನು ಪೋಣಿಸಿ, ಅದರಾಚೆ ಮಾರುದ್ದದ ನವುರಾದ ದಾರದ ತುದಿಯ ಗಾಳಕ್ಕೆ ಎರೆಯಾಗಿ ಜಿಗಣೆ ಚುಚ್ಚಿ, ದೋಣಿಯನ್ನು ಗಾಳಿಯ ಪಾಡಿಗೆ ಬಿಟ್ಟು, ಬೆರಳ ಮೇಲಿನ ದಾರ ತುಸು ಭಾರವಾದೊಡನೆ ಅದನ್ನು ಸಡಿಲಬಿಟ್ಟು, ಮೀನು ನುಂಗುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಮೀನು ಕಚ್ಚಿದ್ದು ಕಣ್ಣಿಗೆ ಕಾಣಲೆಂದು ದಾರಕ್ಕೆ ತೇಲುವ ಬೆಂಡು ಕಟ್ಟುವವರೆಂದರೆ ಅವನಿಗೆ ತಾತ್ಸಾರ. "ಬೆಂಡು ನೋಡ್ತಾ ಕೂರೋದಕ್ಕೆ ಸರೋವರ ಯಾಕೆ? ಬಚ್ಚಲ ತೊಟ್ಟಿ ಸಾಲ್ದಾ?" ಎನ್ನುತ್ತಿದ್ದ.

ಕೊಟ್ಟಿಗೆ ಸುಟ್ಟುಹೋದಾಗಲೂ ಅವನಾಡಿದ್ದು ಒಂದೇ ಮಾತು: "ಇದಕ್ಕಿಂತ ಕೆಟ್ಟದ್ದಾಗ್ಬೋದಿತ್ತು." ಸಕ್ಕರೆ ಕಾಯಿಲೆ ಬೆರಳುಗಳ ಸ್ಪರ್ಶವನ್ನು ತಿಂದುಹಾಕುತ್ತಿದೆ ಎಂದು ವೈದ್ಯರು ಹೇಳಿದಾಗಲೂ ಅದೇ ಮಾತು. ಆದರೆ ಒಲೆಯ ಮೇಲಿನ ಕಾಫಿ ಪಾತ್ರೆ ತಾಗಿ ಬೆರಳು ಬೊಬ್ಬೆಯೆದ್ದದ್ದನ್ನು ಅವನಿಗಿಂತ ಮೊದಲು ಕಂಡವಳು ಆರ್ಡಿಸ್.

ಆ ಜೂನಿನಲ್ಲಿ ಅವಳೂ ದೋಣಿ ಹತ್ತಿದಳು. "ಈ ಸಲ ಬೆಂಡು ಕಟ್ಟೋ."

"ನಾನಿನ್ನೂ ಸತ್ತಿಲ್ಲ ಕಣೇ."

"ಸತ್ತಿದ್ದೀಯ ಅಂದ್ನಾ? ಮೊಂಡ!"

ಜೊಂಡಿನ ಅಂಚಿನಲ್ಲಿ ದೋಣಿ ತೇಲುತ್ತಿತ್ತು. ಸೆವೆರಿನ್ ದೂರಕ್ಕೆ ದೃಷ್ಟಿ ನೆಟ್ಟಿದ್ದ. ಆಗ ದಾರ ಅವನ ಬೆರಳಿಂದ ಮೆಲ್ಲನೆ ಜಾರಿ, ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ನೀರಿಗಿಳಿಯತೊಡಗಿದ್ದನ್ನು ಆರ್ಡಿಸ್ ನೋಡಿದಳು. ದೊಡ್ಡ ಮೀನೇ ಇರಬೇಕು. ಬರಿದಾದ ಬೆರಳು ಮಾತ್ರ ಹಾಗೆಯೇ ಕೊಕ್ಕೆಯಾಗಿ ನಿಂತಿತ್ತು.

"ಇನ್ನೂ ಮುಟ್ಟಿಲ್ಲ," ಎಂದ ಅವನು ಪಿಸುದನಿಯಲ್ಲಿ. "ಸುಮ್ನಿರು, ಬರುತ್ತೆ."

ಹೇಳಿದರೆ ಅವನ ಬೆರಳು ಸತ್ತಂತೆ, ಹೇಳದಿದ್ದರೆ ಮೀನು ಹೋದಂತೆ. ಅವಳು ದೋಣಿಯ ಅಂಚು ಹಿಡಿದು ದಾರವನ್ನೇ ನೋಡುತ್ತ ಕೂತಳು. ದಾರ ಓಡಿ ಓಡಿ ನಿಂತಿತು.

ಬಹಳ ಹೊತ್ತಿನ ಮೇಲೆ ಸೆವೆರಿನ್ ತನ್ನ ಕೈ ನೋಡಿಕೊಂಡ. ಸುತ್ತಿ ಎಳೆದಾಗ ಬಂದದ್ದು ಬರಿಗಾಳ. ಅವನ ಹಳೆಯ ಮಾತಿಗಾಗಿ ಆರ್ಡಿಸ್ ಕಾದಳು, ಅದು ಬರಲಿಲ್ಲ. ಅವನು ಎಡಗೈಯಿಂದ ಆ ಬೆರಳನ್ನು ಹಿಡಿದು ನಿಧಾನವಾಗಿ ನೇರ ಮಾಡಿದ.

ಒಂದೇ ಬಾಗಿಲಿನಿಂದ ಜಗತ್ತನ್ನು ಬರಮಾಡಿಕೊಂಡು ಬದುಕಿದವರ ಪಾಡು ಇಷ್ಟೇ. ಬಾಗಿಲು ಮುಚ್ಚಿದ ಮೇಲೂ ಜಗತ್ತು ಬಂದು ತಟ್ಟುತ್ತದೆ; ಅದು ಕೇಳಿಸುವುದು ಪಕ್ಕದಲ್ಲಿ ಕೂತವರಿಗೆ ಮಾತ್ರ.