ತೊಳೆದ ಬೀದಿ

“ಇಳಿಯೇ ಕೆಳಕ್ಕೆ, ದರಿದ್ರ ಮುಂಡೆ! ತೊಳ್ದಿರೋ ಬೀದಿ ಕಣೇ ಅದು!”

ಚನ್ನಬಸವಯ್ಯನವರ ಕೂಗಿಗೆ ಮಾದಮ್ಮ ಬೆಚ್ಚಿ ತಿರುಗಿ ನೋಡಿದಳು. ಆದರೂ ಇಟ್ಟಿಗೆಯ ಮೇಲಿಂದ ಕಾಲು ಕೀಳಲಾಗಲಿಲ್ಲ. ರಾತ್ರಿಯೆಲ್ಲ ಬಾರದ ಗಂಡನನ್ನು ಹುಡುಕಿಕೊಂಡು ಬಂದವಳಿಗೆ ಅಲ್ಲಿಂದಲೇ ಅವನು ಕಂಡಿದ್ದ. ಬೀದಿಯ ಪಕ್ಕದ ಕೊರಕಲಿನ ತಳದಲ್ಲಿ, ಕೆಸರುನೀರಿನಲ್ಲಿ ಮುಖ ಅದ್ದಿಕೊಂಡು ದ್ಯಾವಯ್ಯ ಬಿದ್ದಿದ್ದ.

“ಸಾಮೀ, ನನ್ ಗಂಡ... ಅಲ್ ಬಿದ್ದವ್ನೆ...”

“ಬಿದ್ದಿದ್ರೆ ಕೊರಕಲಲ್ಲೇ ಹೋಗಿ ನೋಡು. ಇಲ್ಲಿ ನಿಂತ್ಕೊಂಡು ನೋಡೋಕೆ ಬೀದಿ ಏನು ನಿಮ್ಮಪ್ಪ ಮಾಡಿದ್ನಾ?”

ಹೊಳೆನರಸೀಪುರದಲ್ಲಿ ಹೊಳೆಯ ದಡದಿಂದ ಪೇಟೆಗೆ ಹತ್ತುವ ಆ ಏರುಬೀದಿ ಮೊದಲು ಬರಿಯ ಕೆಮ್ಮಣ್ಣಿನ ಜಾಡು. ಮಳೆಗಾಲದಲ್ಲಿ ಗಾಡಿಗಳು ಹಿಂದಕ್ಕೆ ಜಾರುತ್ತಿದ್ದವು, ಎತ್ತುಗಳು ಮೊಣಕಾಲೂರುತ್ತಿದ್ದವು. ಜರ್ಮನಿಯ ಯುದ್ಧ ಶುರುವಾಗಿ ದವಸಕ್ಕೆ ಬೆಲೆ ಬಂದ ಮೇಲೆ ಮಂಡಿಯವರೆಲ್ಲ ಕೂಡಿ ಇಟ್ಟಿಗೆ ಹಾಸಿಸಲು ಹೊರಟರು. ಕಂತ್ರಾಟು ಚನ್ನಬಸವಯ್ಯನವರದು, ಕೆಲಸ ಕೇರಿಯವರದು. ಹೊಳೆಯ ಮಣ್ಣು ತುಳಿದು, ಗೂಡು ಸುಟ್ಟು, ಗೊರಸು ಜಾರದಂತೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಹಾಸುತ್ತ ಹೋದರು. ದಿನವೂ ಸಂಜೆ, ಅಂದು ಹಾಸಿದಷ್ಟಕ್ಕೂ ಸೆಗಣಿನೀರು ಬೀಳುತ್ತಿತ್ತು. ನೀರು ಬಿದ್ದ ಮೇಲೆ ಹಾಸಿದವರು ಅದನ್ನು ಮೆಟ್ಟುವಂತಿಲ್ಲ. ಕೊರಕಲಿನಲ್ಲಿ ಇಳಿದು ಕೇರಿ ಸೇರಬೇಕು. ಒಮ್ಮೆ ಮರೆತು ಕಾಲಿಟ್ಟ ಬೈರಯ್ಯ ಇಂದಿಗೂ ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಾನೆ.

ಹೆಣವನ್ನು ಕೇರಿಗೆ ತಂದ ಮೇಲೆ ಮೈದುನ ಕೆಂಚಯ್ಯ ಎದೆ ಬಡಿದುಕೊಂಡು ಹೇಳಿದ.

“ನಿನ್ನೆ ಮ್ಯಾಗಡೆ ಕಡೇ ಸಾಲು ಮುಗ್ಸುದಾಗ ಮಳೆ ಸುರೀತಿತ್ತು ಕಣತ್ತಿಗೆ. ‘ಸಾಮಿ, ಕೊರ್ಕಲು ಕುಸೀತಾ ಅದೆ, ಇವತ್ತೊಂದಿನ ಬೀದೀಲಿ ಇಳ್ಕತೀನಿ’ ಅಂತ ಅಣ್ಣ ಕೈಮುಗ್ದ. ಆ ಕಂತ್ರಾಟು ಬೋಳಿಮಗ ಏನಂದ ಗೊತ್ತಾ? ‘ನೀನು ಇಳುದ್ರೆ ಇನ್ನೊಂದ್ಸಲ ತೊಳೀಬೇಕಲ್ಲೋ, ಸೆಗಣಿ ನೀನು ಹಾಕ್ತೀಯಾ?’ ಅಂದ. ನಿಂತಿದ್ದೋರೆಲ್ಲ ಕಿಸಿದ್ರು. ನಾನು ಮುಂದಾಗಿ ಇಳುದ್ಬುಟ್ಟೆ. ಮಳೆ ನಿಂತ್ಮ್ಯಾಲೆ ಅಣ್ಣ ಬತ್ತಾನೆ ಅನ್ಕಂಡೆ.”

ಕೇರಿಯ ಸ್ಮಶಾನ ಪೇಟೆಯ ಆಚೆ, ಕೆರೆಯ ಹಿಂದೆ. ಕೊರಕಲಿನ ಮೇಲ್ಭಾಗವೆಲ್ಲ ಕುಸಿದು ದಾರಿ ಮುಚ್ಚಿಹೋಗಿತ್ತು. ಈಚೆ ಕಡೆ ಹೊಳೆ ತುಂಬಿ ಹರಿಯುತ್ತಿತ್ತು. ಉಳಿದದ್ದು ಬೀದಿಯೊಂದೇ. ಕೆಂಚಯ್ಯ ಬೀದಿಯ ಬುಡದಲ್ಲಿ ನಿಂತು, ತಲೆಯ ವಸ್ತ್ರವನ್ನು ಕಂಕುಳಲ್ಲಿ ಅವುಚಿಕೊಂಡು, ಹೆಣ ಒಯ್ಯಲು ಚನ್ನಬಸವಯ್ಯನವರ ಅಪ್ಪಣೆ ಕೇಳಿ ಬಂದ.

“ನಾಳೆ ಅಮಲ್ದಾರ್ರು ಬಂದು ಬೀದಿ ತೆರೀತಾರಂತೆ. ಅದುಕ್ ಮುಂಚೆ ಎಣ ಅತ್ತುಸ್ತೀರೇನೋ, ಹೊಳೆ ತುಂಬಿಲ್ವಾ, ಅದುಕ್ ಬುಡಿ ಅಂದ್ರು. ಕಾಲಿಟ್ರೆ ಸಂಜೆಗೆ ಕೇರೀಲಿ ಒಂದು ಗುಡಿಸ್ಲೂ ಇರಾಕಿಲ್ವಂತೆ.”

ಕೇರಿಯ ಹಿರಿಯ ಶಿವಯ್ಯ ನೆಲ ನೋಡುತ್ತ ಅಂದ: “ಹೊಳೇನೂ ಗಂಗವ್ವನೇ ಕಣವ್ವ. ಬದುಕಿರೋ ಮಕ್ಳುಮರೀನೂ ನೋಡ್ಬೇಕಲ್ಲ.”

“ಅವ್ರಪ್ಪ, ತಾತ ಎಲ್ಲಾ ಕೆರೆ ಇಂದೆ ಮಲಗವ್ರೆ ಮಾವ. ಇವ್ನೊಬ್ಬ ಮೀನ್ಗೆ ಕೂಳಾಗ್ಬೇಕಾ?” ಮಾದಮ್ಮ ಸೆರಗು ಬಿಗಿದು ಎದ್ದುನಿಂತಳು. “ನಂಗೂ ಬಯ ಕಣ. ಆದ್ರೂ ಎತ್ರಪ್ಪಾ.”

ಎತ್ತಿದರು. ಹಾರೆ, ಗುದ್ದಲಿ ಹಿಡಿದ ಇಬ್ಬರು ಹಿಂದೆ ನಡೆದರು. ತಮಟೆ ಬಡಿಯುವ ಧೈರ್ಯ ಯಾರಿಗೂ ಬರಲಿಲ್ಲ. ಬೀದಿಯ ಮೊದಲ ಸಾಲಿನ ಮುಂದೆ ಚಟ್ಟ ಗಕ್ಕನೆ ನಿಂತಿತು. ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದ ಕೆಂಚಯ್ಯನ ಕಾಲು ಏಳಲೇ ಇಲ್ಲ.

“ಆಗಾಕಿಲ್ಲ ಅತ್ತಿಗೆ. ಬೈರಣ್ಣನ ಕಾಲು ಕಣ್ಮುಂದೆ ಬತ್ತದೆ.”

ಹೆಂಗಸು ಚಟ್ಟಕ್ಕೆ ಹೆಗಲು ಕೊಡುವುದು ಕೇರಿಯಲ್ಲಿ ಇರಲಿಲ್ಲ. ಮಾದಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಬೊಂಬಿನ ಕೆಳಗೆ ಹೆಗಲಿಟ್ಟಳು. ಕಣ್ಣು ಮುಚ್ಚಿಕೊಂಡು ಕಾಲೆತ್ತಿ ಇಟ್ಟಿಗೆಯ ಮೇಲಿಟ್ಟಳು. ಉಳಿದವರು ಅವಳ ಹಿಂದೆ ಹೆಜ್ಜೆ ಹಾಕಿದರು. ಏರುತ್ತ ಹೋದಂತೆ ಬೀದಿಬದಿಯ ಮನೆಗಳ ಬಾಗಿಲುಗಳು ದಡದಡ ಮುಚ್ಚಿಕೊಂಡವು. ಅಗುಳಿ ಹಾಕುವ ಒಂದೊಂದು ಸದ್ದಿಗೂ ಅವಳು ಬೊಂಬನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ನಡುಬೀದಿಗೆ ಬರುವಷ್ಟರಲ್ಲಿ ಮೇಲಿನಿಂದ ದೊಣ್ಣೆಗಳು ಕಾಣಿಸಿದವು. ಮುಂದೆ ಚನ್ನಬಸವಯ್ಯನವರು. ಆಗತಾನೆ ಪೂಜೆ ಮುಗಿಸಿ ಎದ್ದವರ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

“ತಿರುಗಿಸ್ರೋ ಹೆಣಾನ, ಸೂಳೆಮಕ್ಳಾ! ತಿರುಗಿಸ್ರಿ!”

ಎತ್ತಿದ ಹೆಣ ಹಿಂದಕ್ಕೆ ತಿರುಗಬಾರದು. ತಿರುಗಿದರೆ ಸತ್ತವನಿಗೆ ನೆಲೆಯಿಲ್ಲ. ಅದು ಕೇರಿಗೂ ಗೊತ್ತು, ಪೇಟೆಗೂ ಗೊತ್ತು. ಹಿಂದಿನವರ ಉಸಿರಾಟ ಮಾದಮ್ಮನ ಕಿವಿಗೆ ಕೇಳುತ್ತಿತ್ತು. ಅವರು ಈಗ ಬಿಟ್ಟು ಓಡುತ್ತಾರೆ ಅನ್ನಿಸಿತು. ತಾನೂ ಓಡಬೇಕು ಅನ್ನಿಸಿತು.

“ಇಳ್ಸಿ,” ಅಂದಳು.

ಚಟ್ಟ ಇಟ್ಟಿಗೆಯ ಮೇಲೆ ಇಳಿಯಿತು. ಅದು ಜಾರದಂತೆ, ಕೆಳಗೇ ಉಳಿದಿದ್ದ ಕೆಂಚಯ್ಯ ಇಟ್ಟಿಗೆ ಮೆಟ್ಟಿ ಓಡಿಬಂದು ಬುಡಕ್ಕೆ ಮೈಕೊಟ್ಟು ಕುಳಿತ. ಮಾದಮ್ಮ ಹಿಂದಿನವನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

“ಏನೇ ಮಾಡ್ತೀಯಾ?”

“ದಾರಿ ಬುಡಿ, ಸಾಮಿ. ಬುಡದಿದ್ರೆ ಇಲ್ಲೇ ಕುಣಿ ತೋಡ್ತೀನಿ.”

“ತೋಡೇ ನೋಡಾಣ! ಕೈ ಮುರೀತೀನಿ!”

ಗುದ್ದಲಿ ಬಿತ್ತು. ಇಟ್ಟಿಗೆಯೊಂದು ಎರಡಾಗಿ ಸಿಡಿಯಿತು. ಮತ್ತೆ ಬಿತ್ತು. ಸಾಲು ಬಾಯಿಬಿಟ್ಟು ಅಡಿಯ ಕೆಮ್ಮಣ್ಣು ಕಂಡಿತು. ಕೆಂಚಯ್ಯ ಅಳುತ್ತಲೇ ಒಂದು ಕೈಯಲ್ಲಿ ಚಟ್ಟ ಹಿಡಿದು, ಇನ್ನೊಂದು ಕೈಯಿಂದ ಒಡಕು ಚೂರುಗಳನ್ನು ಬಾಚಿ ಎಸೆಯತೊಡಗಿದ. ಮೇಲಿನವರು ದೊಣ್ಣೆ ಎತ್ತಿಕೊಂಡು ಇಳಿದು ಬರುತ್ತಿದ್ದರು. ಅವರ ಜೋಡಿನ ಸದ್ದು ಹತ್ತಿರವಾಯಿತು. ಮಾದಮ್ಮ ತಲೆ ಎತ್ತಲಿಲ್ಲ. ಅಗೆಯುವ ಏದುಸಿರಿನ ನಡುವೆ ಅವಳ ತುಟಿ ಅಲುಗುತ್ತಿತ್ತು.

“ಸಿವನೇ, ಇವ್ನ ನಡೆಯಾಕೆ ಬುಡ್ನಿಲ್ಲ. ಮಲಗಾಕಾದ್ರೂ ಬುಡ್ಸು. ಈ ಜೀವಕ್ಕೆ ನೆಮ್ದಿ ಕೊಡಪ್ಪಾ, ನಮ್ಮಪ್ಪಾ...”