ಮಾವನ ಕೈಗುಣ

“ನಾನು ಮುಟ್ಟಿದ್ರೆ ಸರಿಹೋಗತ್ತೆ ಅಂದ್ಮೇಲೆ ಇವರನ್ನ ಯಾಕಮ್ಮ ಕರೆಸಿದ್ದು?” ಎಂದರು ಮಾವ, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ.

ಕರೆಸಿದವಳು ಸೊಸೆ, ಬಂದವಳು ಇಂಟರ್‌ನೆಟ್ ರಿಪೇರಿಯವಳು. ಸೊಸೆಯದು ದುಭಾಷಿಯ ಕೆಲಸ. ಆಸ್ಪತ್ರೆಯಲ್ಲಿ ಡಾಕ್ಟರ ಮಾತು ರೋಗಿಗೆ ತಿಳಿಯದಿದ್ದರೆ, ಇಬ್ಬರ ನಡುವೆ ಇವಳು ಮನೆಯಿಂದಲೇ ಪರದೆಯ ಮೇಲೆ ಬಂದು ಕೂರುತ್ತಾಳೆ. ವಾರದಿಂದೀಚೆಗೆ ಮಧ್ಯಾಹ್ನವಾದರೆ ಸಾಕು, ಸಂಪರ್ಕ ಕಡಿದುಹೋಗುತ್ತಿತ್ತು. ನಿನ್ನೆಯಂತೂ ಹೆಂಗಸೊಬ್ಬಳು ತನ್ನ ಎದೆನೋವು ಹೇಗೆ ಶುರುವಾಯಿತೆಂದು ಹೇಳುತ್ತಿದ್ದಾಗಲೇ ಕಡಿದಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಕಚೇರಿಯವರು ಮೆತ್ತಗೇ ತಿಳಿಸಿದ್ದರು.

ಕಡಿದಾಗಲೆಲ್ಲ ಮಾವ ಎದ್ದುಬಂದು ರೂಟರ್ ಆರಿಸಿ ಮತ್ತೆ ಹಚ್ಚುತ್ತಿದ್ದರು, ಅದು ಬದುಕಿಕೊಳ್ಳುತ್ತಿತ್ತು. ಅವರ ಕೈಗುಣದ ಸುದ್ದಿ ಕೆಳಗಿನ ಮನೆಗೂ ಮುಟ್ಟಿ, ಒಮ್ಮೆ ನಮ್ಮ ಫ್ರಿಜ್ ಮೇಲೂ ಕೈಯಿಡಿ ಎಂದು ಆ ಮನೆಯವರು ಕರೆದಿದ್ದರಂತೆ.

ರಿಪೇರಿಯವಳು ಲ್ಯಾಪ್‌ಟಾಪ್ ಜೋಡಿಸಿ ರೂಟರ್‌ನ ಒಳಪುಟ ತೆರೆದಳು. ಈ ಡಬ್ಬಿ ತನಗೇನಾಯಿತೆಂದು ಬಿಡದೆ ಬರೆದಿಡುತ್ತದೆ, ಆದರೆ ಆರಿಸಿದರೆ ಅಷ್ಟನ್ನೂ ಮರೆಯುತ್ತದೆ ಎಂದಳು. ಅದರಲ್ಲಿ ಉಳಿದದ್ದು ನಿನ್ನೆ ಮಾವ ಮುಟ್ಟಿದ ಮೇಲಿನ ಕಥೆಯಷ್ಟೇ. ಜಗಳ ಮುಗಿದ ಮೇಲೆ ಬಂದ ಸಾಕ್ಷಿಯ ಹಾಗೆ, ಎಲ್ಲವೂ ಚೆನ್ನಾಗಿದೆ ಎನ್ನುತ್ತಿತ್ತು.

“ಅಂದ್ರೆ ಡಾಕ್ಟ್ರು ಬರೋ ಮುಂಚೆ ಇವರು ರೋಗಿಗೆ ನಿದ್ದೆ ಮಾತ್ರೆ ಕೊಡ್ತಿದ್ರು ಅನ್ನಿ,” ಎಂದರು ಅಡುಗೆಮನೆಯಿಂದ ಅತ್ತೆ. ಮಾವ ಕೇಳಿಸದವರಂತೆ ಕನ್ನಡಕ ಒರೆಸಿದರು.

ಇವತ್ತು ಏನೇ ಆದರೂ ರೂಟರ್ ಮುಟ್ಟಕೂಡದು, ಉಳಿದದ್ದೆಲ್ಲ ದಿನದಂತೆಯೇ ನಡೆಯಲಿ ಎಂದು ತೀರ್ಮಾನವಾಯಿತು. ಸೊಸೆಯ ಕಣ್ಣು ಗಡಿಯಾರದ ಮೇಲೇ ಇತ್ತು. ಮೊದಲ ಕರೆ ಬರುವುದರೊಳಗೆ ರೋಗ ಸಿಕ್ಕಬೇಕಲ್ಲ.

ಮಾವ ದಿನದಂತೆಯೇ ಆರಾಮಕುರ್ಚಿಯಲ್ಲಿ ಒರಗಿ, ಮಗಳು ಹೊಸದಾಗಿ ಕಳಿಸಿದ್ದ ಕಾಲು ಒತ್ತುವ ಯಂತ್ರದೊಳಗೆ ಪಾದ ತೂರಿಸಿ ಗುಂಡಿ ಅದುಮಿದರು. ಯಂತ್ರ ಗುರ್ ಎಂದಿತು. ರೂಟರ್‌ನ ಹಸಿರು ದೀಪ ಮಿನುಗಿ ಮಿನುಗಿ ಕೆಂಪಾಯಿತು. ಮಾವ ಅಭ್ಯಾಸಬಲದಿಂದ ಯಂತ್ರ ನಿಲ್ಲಿಸಿ ಎದ್ದುಬಂದರು. ಚಾಚಿದ ಕೈ ಅರ್ಧಕ್ಕೇ ನಿಂತಿತು. ಅವರು ಮುಟ್ಟದೆಯೇ, ಸ್ವಲ್ಪ ಹೊತ್ತಿಗೆ, ದೀಪ ತಾನಾಗಿ ಹಸಿರಾಯಿತು.

ರಿಪೇರಿಯವಳು ಮೊದಲು ಡಬ್ಬಿ ಬರೆದದ್ದೆಲ್ಲವನ್ನೂ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಕೊಂಡು, ಆಮೇಲೆ ಪರದೆಯನ್ನು ಇವರತ್ತ ತಿರುಗಿಸಿದಳು. ಇಂಟರ್‌ನೆಟ್ ಹೊತ್ತು ತರುವ ಟೆಲಿಫೋನ್ ತಂತಿಯೊಳಗಿನ ಗದ್ದಲ ಒಮ್ಮೆಲೇ ಮೇಲೆದ್ದು ಅಷ್ಟೇ ಬೇಗ ಇಳಿದಿತ್ತು. ಅವಳು ಮೊಣಕಾಲೂರಿ ಕುರ್ಚಿಯ ಹಿಂದೆ ಇಣುಕಿದಳು. ಕಾಲಿಗೆ ತೊಡರಬಾರದೆಂದು ಮಾವನೇ ಯಂತ್ರದ ವೈರನ್ನು ಟೆಲಿಫೋನ್ ತಂತಿಗೆ ಸುತ್ತಿ, ಜಡೆಯಂತೆ ಹೆಣೆದಿಟ್ಟಿದ್ದರು. ಯಂತ್ರದ ಕರೆಂಟಿನ ಗದ್ದಲ ಈ ತಂತಿಗೂ ನುಗ್ಗುತ್ತಿರಬೇಕು ಎಂದಳು.

“ಇನ್ನೊಂದ್ಸಲ ಹಾಕಿ ನೋಡೋಣ ಮಾವ,” ಎಂದಳು ಸೊಸೆ. ಆತಂಕವೆಲ್ಲ ಎತ್ತ ಹೋಯಿತೋ, ಅವಳೂ ನೆಲದ ಮೇಲೆ ಕೂತಿದ್ದಳು.

ಹಾಕಿದರು, ಕೆಂಪು. ನಿಲ್ಲಿಸಿದರು, ಹಸಿರು. ಸೌಟು ಹಿಡಿದೇ ಬಂದ ಅತ್ತೆ, ಮುಂದಿನ ಸಲ ಗುಂಡಿ ಒತ್ತುವವಳು ತಾನೇ ಎಂದು ಹಠ ಹಿಡಿದರು.

“ಹಾಗಾದ್ರೆ ಬೀಳಿಸ್ತಿದ್ದೋನೂ ನಾನೇ, ಎಬ್ಬಿಸ್ತಿದ್ದೋನೂ ನಾನೇನಾ?” ಎಂದರು ಮಾವ.

“ಕೈಗುಣಕ್ಕೇನೂ ಕಮ್ಮಿಯಿಲ್ಲ ಬಿಡಿ. ತಕರಾರೆಲ್ಲ ಕಾಲಿಂದು,” ಎಂದರು ಅತ್ತೆ.

ಸೊಸೆಯ ಕೋಣೆಯಲ್ಲಿ ಆಸ್ಪತ್ರೆಯ ಕರೆ ಬಂದ ಸದ್ದಾಯಿತು. ಸೊಸೆ ಓಡಿಹೋಗಿ ಬಾಗಿಲು ಹಾಕಿಕೊಂಡಳು. ಮಾವ ಪ್ಲಗ್ಗು ಕಿತ್ತು, ಹೆಣಿಗೆ ಬಿಚ್ಚಿ, ಯಂತ್ರವನ್ನು ಕೂಸಿನ ಹಾಗೆ ಎತ್ತಿಕೊಂಡು ಅಡುಗೆಮನೆಯ ಪ್ಲಗ್ಗಿನತ್ತ ಹೊರಟರು. ಮುಚ್ಚಿದ ಬಾಗಿಲ ಹಿಂದೆ ಯಾರದೋ ಬೆನ್ನುನೋವು ಎರಡು ಭಾಷೆಗಳಲ್ಲಿ ತಡೆಯಿಲ್ಲದೆ ಸಾಗುತ್ತಿತ್ತು. ಅದು ಮುಗಿಯುವವರೆಗೂ ಮಾವ ಯಂತ್ರ ಹೊತ್ತುಕೊಂಡು, ಪ್ಲಗ್ಗು ಹಾಕದೆ, ಅಲ್ಲೇ ನಿಂತರು.