ಮುತ್ತಣ್ಣನ ಪುಟ

೨೦೦೨ರಲ್ಲಿ ಮರ್ಫಿ ಟೌನ್‌ನಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ನಾಲ್ಕು ಕಂಪ್ಯೂಟರ್, ಒಂದು ಫೋನ್ ಲೈನು, ಜೊತೆಗೆ ನೆತ್ತಿಗೇರಿದ ಜಂಬ. ಹಲಸೂರಿನ ಸೀರೆ ಅಂಗಡಿಗೆ, ಇಂದಿರಾನಗರದ ಬ್ಯೂಟಿ ಪಾರ್ಲರಿಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. "ಸೈಟ್ ಮಾಡೋದು ದೊಡ್ಡದಲ್ಲ ಗುರು, ನಾಲ್ಕು ಜನರ ಕಣ್ಣಿಗೆ ಬೀಳಿಸ್ಬೇಕು, ಅದು ದೊಡ್ಡದು" ಎಂದು ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುತ್ತಿದ್ದೆ.

ಸೆಂಟರಿನ ಕಸ ಗುಡಿಸುತ್ತಿದ್ದವಳು ಲಿಂಗಸುಗೂರು ಕಡೆಯ ಅಯ್ಯಮ್ಮ. ಅವಳ ಗಂಡ ಮುತ್ತಣ್ಣನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಓದು ಮೊದಲೇ ಇಲ್ಲ. ಕೃಷ್ಣರಾಜಪುರದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಸಂಜೆ ದಿನಾ ಅದೇ ಪ್ಲಾಟ್‌ಫಾರ್ಮಿನಲ್ಲಿ ರೈಲು ಹತ್ತಿ ಬೈಯಪ್ಪನಹಳ್ಳಿಯಲ್ಲಿ ಇಳಿಯುತ್ತಿದ್ದ. ಒಂದು ಸಂಜೆ ಅವನ ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬಂತು. ಮೈಕಿನಲ್ಲಿ ಕೂಗಿರಬೇಕು, ಅವನಿಗೆ ಕೇಳುವುದೆಲ್ಲಿಂದ ಬಂತು? ತನ್ನ ಮಾಮೂಲಿ ಜಾಗದಲ್ಲಿ ನಿಂತಿದ್ದ, ತಮಿಳುನಾಡಿನ ಕಡೆ ಹೋಗುವ ರೈಲನ್ನೇ ಹತ್ತಿಬಿಟ್ಟ. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ಗೊತ್ತಿದ್ದದ್ದು, ಮುತ್ತಣ್ಣ ಮನೆಗೆ ಬರಲಿಲ್ಲ ಎಂಬುದಷ್ಟೇ.

ಠಾಣೆ, ಆಸ್ಪತ್ರೆ, ಮಾರ್ಕೆಟ್ ಎಲ್ಲ ಅಲೆದು ತಿಂಗಳಾದ ಮೇಲೆ ಅಯ್ಯಮ್ಮ ಪೊರಕೆ ಕೆಳಗಿಟ್ಟು ನನ್ನೆದುರು ನಿಂತಳು.

"ಅಣ್ಣಾರ, ಇದ್ರಾಗ ಅಂಗಡಿ ಫೋಟೋ ಊರಿಗೆಲ್ಲ ಕಾಣ್ಸಂಗ ಮಾಡ್ತೀರಂತಲ್ಲ. ನಮ್ಮಂವನ ಫೋಟೋನೂ ಹಾಕ್ರಿ."

ಅವತ್ತೇ ಪುಟ ಮಾಡಿದೆ. ಶಿವಾಜಿನಗರದ ಸ್ಟುಡಿಯೋದಲ್ಲಿ ಗಂಡ ಹೆಂಡತಿ ಒಟ್ಟಿಗೆ ತೆಗೆಸಿಕೊಂಡ ಫೋಟೋ, ಅದರ ಕೆಳಗೆ ಗುರುತು, ಮರ್ಫಿ ಟೌನ್ ಎಂಬ ಹೆಸರು. ನನ್ನ ಫೋನು ಹಗಲೆಲ್ಲ ಇಂಟರ್ನೆಟ್ಟಿಗೇ ಮೀಸಲಾದ್ದರಿಂದ ನಂಬರ್ ಹಾಕಲಿಲ್ಲ. ಬರೀ ಇಮೇಲ್ ವಿಳಾಸ ಕೊಟ್ಟೆ. ಪುಟದ ತಳದಲ್ಲಿ ಎಷ್ಟು ಜನ ನೋಡಿದರೆಂದು ತೋರಿಸುವ ಒಂದು ಕೌಂಟರ್ ಕೂರಿಸಿದೆ. ಸರ್ಚ್ ಎಂಜಿನ್‌ಗಳಿಗೆ ಒಂದೊಂದಾಗಿ ಕೈಯಿಂದಲೇ ಸೇರಿಸಿದೆ. ಕಳೆದುಹೋದವರ ಪಟ್ಟಿ ಇಡುವ ಒಂದು ಸಂಸ್ಥೆಗೆ ಕಾಡಿ ಬೇಡಿ ಅವರ ಸೈಟಿನಲ್ಲಿ ನಮ್ಮ ಲಿಂಕ್ ಹಾಕಿಸಿದೆ. ಎರಡು ವಾರ ಕಳೆದರೂ ಕೌಂಟರ್ ನಲವತ್ತು ದಾಟಲಿಲ್ಲ.

ಗೆಳೆಯ ಮುಕ್ತಾರ್ ನೋಡಿ ನಕ್ಕ. "ಏನ್ ಮಗಾ, ಹಿಂಗೆ ಒಂದೊಂದೇ ಹಾಕ್ತಾ ಕೂತ್ರೆ ನಿನ್ನ ಮೊಮ್ಮಕ್ಕಳು ಬಂದು ಮುಗಿಸ್ಬೇಕು." ಒಂದು ಸಿ.ಡಿ. ಕೊಟ್ಟ. ಒಂದೇ ಕ್ಲಿಕ್ಕಿಗೆ ಸಾವಿರದೈನೂರು ಕಡೆ ಸೈಟು ಸೇರಿಸುವ ಸಾಫ್ಟ್‌ವೇರ್. ಒತ್ತಿಯೇ ಬಿಟ್ಟೆ.

ಅಬ್ಬಬ್ಬಾ, ಕೌಂಟರ್ ಓಡಿದ್ದೇ ಓಡಿದ್ದು! ಇನ್ನೂರು, ಏಳುನೂರು, ಎರಡು ಸಾವಿರ. ಅಯ್ಯಮ್ಮ ಬೆಳಿಗ್ಗೆ ಬಂದವಳೇ "ಇವತ್ತು ಎಷ್ಟು ಮಂದಿ ನೋಡ್ಯಾರ್ರಿ?" ಎನ್ನುವಳು. ನಾನು ಎದೆಯುಬ್ಬಿಸಿ ಹೇಳುವೆ. "ಇಷ್ಟು ಮಂದ್ಯಾಗ ಒಬ್ಬರಿಗರ ಸಿಗಂಗಿಲ್ಲೇನು" ಎಂದು ಕಣ್ಣೊರೆಸಿಕೊಂಡು ಕಸ ಗುಡಿಸುವಳು. ನೋಡಿದವರಲ್ಲಿ ಮನುಷ್ಯರೆಷ್ಟು, ಯಂತ್ರಗಳೆಷ್ಟು ಎಂದು ನಾನು ಯೋಚಿಸಲೇ ಇಲ್ಲ.

ಆ ಸಾವಿರದೈನೂರು ಕಡೆಯವರಿಗೂ ನಮ್ಮ ಇಮೇಲ್ ವಿಳಾಸ ಸಿಕ್ಕಿತ್ತು. ಕೂದಲು ಬೆಳೆಸುವ ಎಣ್ಣೆ, ಅಮೆರಿಕದ ಲಾಟರಿ, ಏನೇನೋ ಸುಡುಗಾಡು ಮೇಲುಗಳು ಬಂದು ಬಿದ್ದವು. ನಾಲ್ಕು ದಿನ ಅಳಿಸಿದೆ. ಐದನೆಯ ದಿನ ರೇಗಿಹೋಗಿ ಮೇಲ್ ತೆರೆಯುವುದನ್ನೇ ಬಿಟ್ಟೆ. ಹೇಗೂ ಕೌಂಟರ್ ಏರುತ್ತಿತ್ತಲ್ಲ, ಅದನ್ನೇ ನೋಡುತ್ತಾ ಕೂತೆ, ದರಿದ್ರದವನು. ಪುಕ್ಕಟೆ ಸಿಕ್ಕ ಮೇಲ್ ಡಬ್ಬಿ, ಅಂಗೈಯಗಲ ಜಾಗ. ತುಂಬಿದ ಮೇಲೆ ಬಂದದ್ದೆಲ್ಲ ಕಳಿಸಿದವರಿಗೇ ವಾಪಸ್ ಹೋಗುತ್ತಿತ್ತು.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಹಿರಿಯ ಹೆಂಗಸೊಬ್ಬರು ಒಳಗೆ ಬಂದರು. ಕೈಯಲ್ಲಿ ನಮ್ಮ ಪುಟದ ಪ್ರಿಂಟ್. ಹೆಸರು ರಾಮಲಕ್ಷ್ಮಮ್ಮ, ತಮಿಳುನಾಡಿನ ಜೋಲಾರ್‌ಪೇಟೆ ಹತ್ತಿರ ಅನಾಥರ ಆಶ್ರಮ ನಡೆಸುವವರು. ಕಳೆದುಹೋದವರ ಪಟ್ಟಿ ಇಡುವ ಆ ಸಂಸ್ಥೆಯ ಲಿಂಕಿನಿಂದಲೇ ನಮ್ಮ ಪುಟ ಅವರಿಗೆ ಸಿಕ್ಕಿತ್ತಂತೆ.

"ಮೂರು ಸಲ ಮೇಲ್ ಹಾಕ್ದೆ ಕಣಪ್ಪಾ. ಮೂರು ಸಲಾನೂ ವಾಪಸ್ ಬಂತು. ಬೆಂಗಳೂರಿಗೆ ಬರೋಣಾಂದ್ರೆ ಆಶ್ರಮ ಬಿಟ್ಟು ಬರಕ್ಕಾಗ್ಲಿಲ್ಲ."

"ಮುತ್ತಣ್ಣ ಎಲ್ಲಿದಾನಮ್ಮಾ?"

"ಕಾಮಾಲೆ ಆಯ್ತು. ಹೋಗಿ ಹನ್ನೆರಡು ದಿನ ಆಯ್ತು." ಅವರು ಪ್ರಿಂಟನ್ನು ಮೇಜಿನ ಮೇಲಿಟ್ಟು ಕೈಯಿಂದ ಸವರಿದರು. "ಕಂಪ್ಯೂಟರಲ್ಲಿ ಈ ಫೋಟೋ ತೋರಿಸಿದ್ದೆ. ಹೆಂಡ್ತಿ ಮುಖದ ಮೇಲೆ ಬೆರಳಿಟ್ಟು ಅದೇನ್ ನಗು ಅಂತೀಯಾ! ಅವಳು ಬರ್ತಾಳೆ ಅಂತ ಸನ್ನೆ ಮಾಡಿ ಹೇಳ್ದೆ. ಅವತ್ತಿಂದ ಗೇಟ್ ಬಿಟ್ಟು ಏಳ್ತಿರ್ಲಿಲ್ಲ. ಊಟಾನೂ ಅಲ್ಲೇ. ಜ್ವರ ಬಂದ್ ಮೇಲೂ ಅಲ್ಲೇ ಹಾಸ್ಕೊಡಿ ಅಂತ ಕೈ ತೋರಿಸೋನು."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿಯೂ ಬರಲಿಲ್ಲ. ರಾಮಲಕ್ಷ್ಮಮ್ಮನವರನ್ನು ಕೂರಿಸಿ ನಾನೊಬ್ಬನೇ ಅಯ್ಯಮ್ಮನ ಬಾಡಿಗೆ ಕೋಣೆಗೆ ಹೋದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಸತ್ತದ್ದು ಹೇಳಿದೆ. ಮೊರ ಮಗುಚಿ ಬಿತ್ತು. ತಲೆ ಚಚ್ಚಿಕೊಂಡು ಅತ್ತಳು, ವಠಾರವೆಲ್ಲ ಸೇರಿತು. ಅಳು ಇಳಿದ ಮೇಲೆ ವಾಪಸ್ ಹೋದ ಇಮೇಲಿನ ವಿಷಯವನ್ನೂ ಹೇಳಿದೆ. ತಪ್ಪು ನನ್ನದೇ, ನನ್ನ ಸೋಮಾರಿತನದಿಂದ ಸುದ್ದಿ ನಿಮಗೆ ಮುಟ್ಟಲಿಲ್ಲ, ಬಯ್ಯಿರಿ, ಹೊಡೆಯಿರಿ ಎಂದೆ. ಅವಳು ಬಯ್ಯಲಿಲ್ಲ.

"ಅಣ್ಣಾರ, ನಾವಿಬ್ರೂ ಇರೋ ಫೋಟೋ ಅಂವಗ ಅಲ್ಲಿ ತೋರ್ಸಿದ್ರೇನ್ರಿ? ನಾನು ಹುಡುಕ್ಲಿಕತ್ತೀನಿ ಅಂತ ಅಂವಗ ಗೊತ್ತಾಗಿತ್ತೇನು?"

"ಇಲ್ಲ ಅಯ್ಯಮ್ಮ. ತೋರಿಸ್ಲಿಲ್ವಂತೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಚೆಲ್ಲಿದ ಅಕ್ಕಿಯನ್ನು ಬೊಗಸೆಯಲ್ಲಿ ಮೊರಕ್ಕೆ ತುಂಬತೊಡಗಿದಳು.

"ಛಲೋ ಆತ್ ಬಿಡ್ರಿ," ಎಂದಳು. "ತೋರ್ಸಿದ್ರ, ನನ್ನ ಹಾದಿ ಕಾಯ್ಕೊಂತ ಕುಂದ್ರತಿದ್ದ."